ಓದುಗರ ಪ್ರಶ್ನೆ: ಜೈಸಲ್ಮೇರ್‌ನಲ್ಲಿ ಎರಡು ದಿನ

ಪ್ರಶ್ನೆ: ಡಿಸೆಂಬರಿನಲ್ಲಿ ಅಪ್ಪ, ಅಮ್ಮನನ್ನು ಕರೆದುಕೊಂಡು ಜೈಸಲ್ಮೇರ್‌ಗೆ ಹೊರಟಿದ್ದೇವೆ. ಕೈಯಲ್ಲಿರುವುದು ಎರಡೇ ದಿನ. ಕೋಟೆ, ಹವೇಲಿಗಳನ್ನು ಯಾವ ಕ್ರಮದಲ್ಲಿ ನೋಡಬೇಕು? (ಹುಬ್ಬಳ್ಳಿಯಿಂದ)

ಉತ್ತರ: ಮೊದಲ ದಿನ ಬೆಳಿಗ್ಗೆ ಕೋಟೆ. ರಾವಲ್ ಜೈಸಲ್ 1156ರಲ್ಲಿ ತ್ರಿಕೂಟ ಗುಡ್ಡದ ಮೇಲೆ ಕಟ್ಟಿಸಿದ ಇದರೊಳಗೆ ಇಂದಿಗೂ ಜನ ಸಂಸಾರ ಮಾಡಿಕೊಂಡಿದ್ದಾರೆ. ನಾಲ್ಕು ಪೋಲ್‌ಗಳನ್ನು, ಅಂದರೆ ಹೆಬ್ಬಾಗಿಲುಗಳನ್ನು ದಾಟಿದರೆ ದಸರಾ ಚೌಕ. ಪಕ್ಕದಲ್ಲೇ ಅರಮನೆ ಮ್ಯೂಸಿಯಂ. ಎದುರಿಗೆ ಕಂಡಿತೆಂದು ಎಲ್ಲರೂ ಮೊದಲು ಅಲ್ಲಿಗೇ ನುಗ್ಗುತ್ತಾರೆ, ಎಡವಟ್ಟಾಗುವುದೂ ಅಲ್ಲೇ. ಅದಕ್ಕೆ ಒಂದೂವರೆ ಗಂಟೆಯಾದರೂ ಬೇಕು. ಅಷ್ಟು ಹೊತ್ತಿಗೆ ಕೋಟೆಯೊಳಗಿನ ಜೈನ ಮಂದಿರಗಳಲ್ಲಿ ಪ್ರವಾಸಿಗರನ್ನು ಬಿಡುವ ಸಮಯ ಮುಗಿಯುತ್ತಾ ಬಂದಿರುತ್ತದೆ. ಆದ್ದರಿಂದ ಮೊದಲು ಮಂದಿರ, ಆಮೇಲೆ ಅರಮನೆ. ಏರಿನ ಹಾಸುಗಲ್ಲು ಸವೆದು ನುಣುಪಾಗಿದೆ. ಹಿರಿಯರಿಗೆ ರಬ್ಬರ್ ಅಟ್ಟೆಯ ಚಪ್ಪಲಿಯೇ ಇರಲಿ.

ಹವೇಲಿಗಳನ್ನು, ಅಂದರೆ ಸಿರಿವಂತರ ಹಳೆಯ ಮಹಲುಗಳನ್ನು ಸಂಜೆಗೆ ಇಟ್ಟುಕೊಳ್ಳಿ. ಪಟ್ವಾ ಹವೇಲಿ ಎಂದರೆ ಒಂದು ಮನೆಯಲ್ಲ, ಅಕ್ಕಪಕ್ಕದ ಐದು ಮನೆಗಳು. ಒಂದನ್ನು ಖಾಸಗಿಯವರು ಮ್ಯೂಸಿಯಂ ಮಾಡಿದ್ದಾರೆ, ಇನ್ನೊಂದು ಭಾಗ ಸರ್ಕಾರದ್ದು, ಟಿಕೆಟ್ ಬೇರೆ ಬೇರೆ. ಇದು ತಿಳಿಯದೆ ಬಾಗಿಲಲ್ಲಿ ಜಗಳಕ್ಕೆ ನಿಲ್ಲುವವರು ಬಹಳ. ಹಳೆಯ ಪಾತ್ರೆ, ತಕ್ಕಡಿ, ಸಜ್ಜುಗೊಳಿಸಿದ ಕೋಣೆ ನೋಡಬೇಕೆಂದರೆ ಖಾಸಗಿಯದಕ್ಕೆ ಹೋಗಿ. ಮೆಟ್ಟಿಲು ಕಡಿದು, ಬಾಗಿಲು ಗಿಡ್ಡ, ತಲೆ ಜೋಪಾನ. ಮಂಡಿನೋವಿದ್ದವರು ಕೆಳಗೇ ನಿಂತು ಝರೋಖಾಗಳ, ಅಂದರೆ ಹೊರಚಾಚಿದ ಕಿಟಕಿಗಳ ಕೆತ್ತನೆ ನೋಡಿದರೂ ನಷ್ಟವಿಲ್ಲ. ಹತ್ತಿರದ ನಥ್‌ಮಲ್ ಹವೇಲಿಯ ಎಡಬಲಗಳನ್ನು ಇಬ್ಬರು ಅಣ್ಣತಮ್ಮಂದಿರು ಬೇರೆ ಬೇರೆಯಾಗಿ ಕೆತ್ತಿದರೆಂಬ ಮಾತಿದೆ. ಎರಡೂ ಒಂದೇ ಥರ ಕಾಣುತ್ತವೆ. ದಿಟ್ಟಿಸಿ ನೋಡಿ, ಒಂದೇ ಅಲ್ಲ.

ಪ್ರಶ್ನೆ: ಕೋಟೆಯೊಳಗಿನ ಹೋಟೆಲಿನಲ್ಲೇ ಉಳಿಯುವ ಆಸೆ. ಬೇಡ ಎನ್ನುತ್ತಾರಲ್ಲ, ಯಾಕೆ?

ಉತ್ತರ: ನೀರಿನ ಕಾರಣಕ್ಕೆ. ಬಾವಿಯಿಂದ, ಗಡೀಸರ್ ಕೆರೆಯಿಂದ ಕೊಡ ಹೊತ್ತು ತರುತ್ತಿದ್ದ ಕಾಲದಲ್ಲಿ ಕೋಟೆಯಲ್ಲಿ ಚೆಲ್ಲುವಷ್ಟು ನೀರೇ ಇರಲಿಲ್ಲ. ನಲ್ಲಿ ಬಂತು, ಬೆನ್ನಿಗೇ ಹೋಟೆಲುಗಳ ಶವರು, ಫ್ಲಶ್ಶು ಬಂದವು. ಸೋರುವ ಚರಂಡಿಗಳಿಂದ ನೀರು ಗುಡ್ಡಕ್ಕೆ ಇಳಿಯುತ್ತದೆ, ಒಳಗಿನ ಜೇಡಿಪದರ ನೆನೆದು ಉಬ್ಬುತ್ತದೆ, ಮೇಲಿನ ಗೋಡೆ ಜರುಗುತ್ತದೆ. ಬುರುಜುಗಳೇ ಕುಸಿದದ್ದಿದೆ. 2013ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮಾತ್ರಕ್ಕೆ ಜೇಡಿ ಒಣಗುವುದಿಲ್ಲವಲ್ಲ. ಕೋಟೆಯ ಹೊರಗೆ ಕೋಣೆ ಹಿಡಿಯಿರಿ. ಹೇಗೂ ಸಂಜೆಬಿಸಿಲಿಗೆ ಹಳದಿ ಕಲ್ಲು ಹೊಳೆಯುವುದನ್ನು ನೋಡಬೇಕಾದರೆ ಹೊರಗಿನ ತಾರಸಿಯೇ ಬೇಕು.

ಪ್ರಶ್ನೆ: ಕೋಟೆಯ ಜೈನ ಮಂದಿರದ ಗ್ರಂಥಭಂಡಾರದಲ್ಲಿ ತಾಳೆಗರಿ ನೋಡಲು ಸಿಗುತ್ತವೆಯೇ? (ಮೂಡುಬಿದಿರೆಯಿಂದ)

ಉತ್ತರ: ಭಂಡಾರವನ್ನು ಕಟ್ಟಿದ್ದು 15ನೇ ಶತಮಾನದ ಜಿನಭದ್ರಸೂರಿ. ಜೈನ ಮುನಿಗಳ ಆಚಾರ ಹೇಳುವ ಓಘನಿರ್ಯುಕ್ತಿ ಗ್ರಂಥದ ಅಲ್ಲಿನ ಚಿತ್ರಸಹಿತ ತಾಳೆಗರಿ ಪ್ರತಿ 1060ರದ್ದು. ನಿಮ್ಮೂರಿನ ಧವಲಾ ಎಂಬ ಟೀಕಾಗ್ರಂಥದ ಪ್ರತಿಗಳು ದಿಗಂಬರ ಜೈನರವು, ಇಲ್ಲಿರುವುದು ಮುಖ್ಯವಾಗಿ ಶ್ವೇತಾಂಬರರ ಸಂಗ್ರಹ. ಪ್ರದರ್ಶನಕ್ಕೆ ಇಟ್ಟಿರುವುದು ಕೆಲವೇ ಗರಿಗಳು. ಅಧ್ಯಯನಕ್ಕಾದರೆ ಮೊದಲೇ ಪತ್ರ ಬರೆದು ಅನುಮತಿ ಪಡೆದು ಹೊರಡಿ. ಚರ್ಮದ ಬೆಲ್ಟು, ಪರ್ಸು ಕೋಣೆಯಲ್ಲೇ ಬಿಟ್ಟುಬನ್ನಿ.

ಪ್ರಶ್ನೆ: ಅಕಲ್‌ನ ಮರದ ಪಳೆಯುಳಿಕೆ ಉದ್ಯಾನ ಮಕ್ಕಳಿಗೆ ಹಿಡಿಸುತ್ತದೆಯೇ?

ಉತ್ತರ: ಹತ್ತು ವರ್ಷ ದಾಟಿದವರಿಗೆ ಹಿಡಿಸೀತು. ಜೈಸಲ್ಮೇರ್‌ನಿಂದ ಬಾಡ್‌ಮೇರ್ ರಸ್ತೆಯಲ್ಲಿ ಸುಮಾರು 17 ಕಿ.ಮೀ. ಸುಮಾರು 18 ಕೋಟಿ ವರ್ಷಗಳ ಹಿಂದಿನ ಮರಗಳು ಕಲ್ಲಾಗಿ ಬಿದ್ದಿವೆ. ಒಂದರ ಉದ್ದ 13 ಮೀಟರ್ ಮೀರುತ್ತದೆ. ಈಗ ಒಂದು ಗಿಡ ನೆಡಲೂ ಯೋಚಿಸಬೇಕಾದ ಜಾಗದಲ್ಲಿ ಹಿಂದೆ ಕಾಡಿತ್ತು ಎಂಬುದನ್ನು ಅಲ್ಲೇ ನಿಂತು ಹೇಳಿದರೆ ಮಕ್ಕಳು ಕೇಳುತ್ತಾರೆ. ಬಯಲಲ್ಲಿ ನೆರಳು ಕಡಿಮೆ. ಬೆಳಿಗ್ಗೆ ಹತ್ತರೊಳಗೆ ಹೋಗಿ ಬನ್ನಿ, ನೀರು ನಿಮ್ಮದೇ ಇರಲಿ.