ಮಸಿ ಬೆರೆಸಿದ ಪಾಷಾಣ ವ್ಯರ್ಥ ವಿವರವಲ್ಲ

ನಮಸ್ಕಾರ,

1853ರ ಲಂಡನ್ನಿನಲ್ಲಿ ನಡೆಯುವ ಪತ್ತೇದಾರಿ ಸರಣಿಯ ಐದನೇ ಕಾದಂಬರಿಯ ಬಗ್ಗೆ ನೀವು ಕಳಿಸಿದ ವಿಮರ್ಶೆಯನ್ನು ಎರಡು ಸಲ ಓದಿದೆ. ಭಾಷೆ ಚೊಕ್ಕವಾಗಿದೆ, ಓದಿಸಿಕೊಂಡು ಹೋಗುತ್ತದೆ. ಆದರೆ ಈಗಿರುವ ಹಾಗೆ ಪ್ರಕಟಿಸಲಾರೆ. ಕಾರಣ ಹೇಳಬೇಕಾದರೆ ನಿಮ್ಮ ಸಾಲುಗಳನ್ನೇ ಎತ್ತಿ ತೋರಿಸಬೇಕು. ಈ ಉತ್ತರವನ್ನು ಬೇರೆಯವರೂ ಓದುತ್ತಾರೆ, ಅವರ ಓದು ಕೆಡಬಾರದೆಂದು ಕಾದಂಬರಿಯ ಹೆಸರು ಹೇಳುತ್ತಿಲ್ಲ.

'ಸ್ಪಾಯ್ಲರ್ ಇಲ್ಲ', ಅಂದರೆ ಕಥೆಯ ಗುಟ್ಟು ಒಡೆದಿಲ್ಲ, ಎಂದು ಮೇಲೆಯೇ ಬರೆದಿದ್ದೀರಿ, ಕೊಲೆಗಾರನ ಹೆಸರನ್ನೂ ಹೇಳಿಲ್ಲ. ಆದರೆ ನಾಲ್ಕನೇ ಪ್ಯಾರಾದಲ್ಲಿ ಹೀಗಿದೆ: "ಮೊದಲರ್ಧದಲ್ಲಿ ಸಪ್ಪೆ ಎನಿಸುವ ವೈದ್ಯರ ಪಾತ್ರ ಕೊನೆಗೆ ಬೆಚ್ಚಿಬೀಳಿಸುತ್ತದೆ." ಪತ್ತೇದಾರಿ ಓದಿ ಪಳಗಿದವರಿಗೆ ಇಷ್ಟು ಸಾಕು. ವೈದ್ಯರು ಮೊದಲ ಸಲ ಹೊಸ್ತಿಲು ದಾಟುವಾಗಲೇ ಅವರ ಕೈಚೀಲದ ಮೇಲೆ ಕಣ್ಣು ಹೋಗುತ್ತದೆ. ಆ ಪಾತ್ರವನ್ನು ಯಾರ ಗಮನಕ್ಕೂ ಬಾರದಂತೆ ಇಡಲು ಲೇಖಕರು ಪಟ್ಟ ಶ್ರಮವೆಲ್ಲ ನಿಮ್ಮ ಒಂದೇ ಸಾಲಿಗೆ ನೀರುಪಾಲಾಯಿತು. ಪಾತ್ರ ಯಾವ ಕಡೆಗೆ ತಿರುಗುತ್ತದೆ ಎಂದು ಹೇಳಿದರೂ ಹೆಸರು ಹೇಳಿದ ಹಾಗೆಯೇ. "ಕೊನೆಯ ಇಪ್ಪತ್ತು ಪುಟಗಳಲ್ಲಿ ಬರುವ ತಿರುವು" ಎಂಬುದೂ ಹಾಗೆಯೇ: ಅದಕ್ಕೂ ಮೊದಲು ಯಾರ ಬಂಧನವಾದರೂ ಓದುಗರು ನಂಬುವುದಿಲ್ಲ. ಕಥೆಯ ಮೊದಲ ಕಾಲು ಭಾಗದಲ್ಲಿ ನಡೆಯುವುದಷ್ಟನ್ನೇ ಹೇಳಿ. ಪಾತ್ರಗಳನ್ನು ಹೆಸರಿಸಲೇಬೇಕಿದ್ದರೆ ನಾಲ್ಕೈದು ಜನರನ್ನು ಒಂದೇ ತೂಕದಲ್ಲಿ ಹೆಸರಿಸಿ.

ಇನ್ನೊಂದು ಸಾಲು ಇದಕ್ಕಿಂತ ಹೆಚ್ಚು ಬೇಸರ ತಂದಿತು. "ಮೂರನೇ ಭಾಗದಲ್ಲಿ ಹೆಂಡತಿಯನ್ನು ಕಳೆದುಕೊಂಡ ಸಾರ್ಜೆಂಟ್ ಇಲ್ಲಿ ಮಾಗಿದ್ದಾನೆ." ನಿಮ್ಮ ವಿಮರ್ಶೆ ಓದಿ ಮೊದಲ ಭಾಗ ಹಿಡಿಯುವವರ ಗತಿಯೇನು? ಆಕೆ ಒಮ್ಮೆ ಕೆಮ್ಮಿದರೂ ಅವರು ಸಾವಿನ ಲೆಕ್ಕ ಹಾಕುತ್ತಾರೆ. ಸರಣಿಯಲ್ಲಿ ಐದನೆಯದರ ಬಗ್ಗೆ ಬರೆಯುವವರು ಹಿಂದಿನ ನಾಲ್ಕರ ಗುಟ್ಟನ್ನೂ ಕಾಯಬೇಕು. ಕಾದಂಬರಿಯೇ ಮೊದಲ ಅಧ್ಯಾಯದಲ್ಲಿ ಆ ಸಾವನ್ನು ಹೇಳಿಬಿಟ್ಟಿದ್ದರೆ, "ಹಿಂದಿನ ಭಾಗದ ಮುಖ್ಯ ಘಟನೆಯೊಂದು ಇಲ್ಲಿ ಆರಂಭದಲ್ಲೇ ಬಯಲಾಗುತ್ತದೆ, ಕ್ರಮವಾಗಿ ಓದಿ" ಎಂದರೆ ಸಾಕು. ಐದನೆಯದರಿಂದಲೇ ಶುರು ಮಾಡಬಹುದೇ ಎಂಬುದು ಓದುಗರು ಮೊದಲು ಕೇಳುವ ಪ್ರಶ್ನೆ. ಅದಕ್ಕೆ ನಿಮ್ಮಲ್ಲಿ ಉತ್ತರವೇ ಇಲ್ಲ.

ನಾನು ಈ ಕೆಲಸ ಕಲಿಯುವಾಗ ಇಂಥ ವಿಮರ್ಶೆಯನ್ನು ಎರಡು ಸಲ ತಿದ್ದಿಸುತ್ತಿದ್ದರು: ಒಮ್ಮೆ ಸರಣಿಯನ್ನೇ ಮುಟ್ಟದವರ ಕಣ್ಣಿಂದ, ಇನ್ನೊಮ್ಮೆ ಹಿಂದಿನ ಭಾಗ ಮುಗಿಸಿ ಇದಕ್ಕಾಗಿ ಕಾದವರ ಕಣ್ಣಿಂದ. ಮೊದಲ ಸಲ ತೆಗೆಯಬೇಕಾದ ಸಾಲುಗಳು ಸಿಗುತ್ತಿದ್ದವು, ಎರಡನೇ ಸಲ ಸೇರಿಸಬೇಕಾದವು.

ಈಗ ಇತಿಹಾಸದ ಮಾತು. ಲೇಖಕರ ತಪ್ಪುಗಳೆಂದು ನೀವು ಮೂರನ್ನು ಪಟ್ಟಿ ಮಾಡಿದ್ದೀರಿ. ಮೂರೂ ತಪ್ಪಲ್ಲ.

"ಲೋಟದ ಮೇಲಿನ ಬೆರಳಚ್ಚು ತೆಗೆಯದಿರುವುದು ದೊಡ್ಡ ಎಡವಟ್ಟು." ಲಂಡನ್ ಪೊಲೀಸರ ಕೇಂದ್ರ ಕಚೇರಿ ಸ್ಕಾಟ್ಲೆಂಡ್ ಯಾರ್ಡ್‌ನಲ್ಲಿ ಬೆರಳಚ್ಚು ವಿಭಾಗ ಶುರುವಾದದ್ದು 1901ರಲ್ಲಿ. ಹಣದ ಪೆಟ್ಟಿಗೆಯ ಮೇಲಿನ ಹೆಬ್ಬೆರಳ ಗುರುತಿನ ಆಧಾರದಲ್ಲಿ ಬ್ರಿಟನ್ನಿನಲ್ಲಿ ಮೊದಲ ಸಲ ಕೊಲೆ ಆರೋಪ ಸಾಬೀತಾದದ್ದು 1905ರಲ್ಲಿ. 1853ರ ಸಾರ್ಜೆಂಟ್‌ಗೆ ಆ ಲೋಟದಿಂದ ಏನು ಸಿಕ್ಕೀತು?

"ಆರೋಪಿ ತನ್ನ ಪರವಾಗಿ ಸಾಕ್ಷಿ ನುಡಿಯದೆ ನಿಲ್ಲುವುದನ್ನು ನಂಬಲಾಗದು." ಪ್ರಮಾಣ ಮಾಡಿ ತನ್ನ ಪರವಾಗಿ ತಾನೇ ಸಾಕ್ಷಿ ಹೇಳುವ ಹಕ್ಕು ಇಂಗ್ಲೆಂಡಿನಲ್ಲಿ ಎಲ್ಲ ಆರೋಪಿಗಳಿಗೂ ಸಿಕ್ಕಿದ್ದು 1898ರ ಕಾಯ್ದೆಯಿಂದ. ಅಲ್ಲಿಯವರೆಗೆ ಕೊಲೆ ಮೊಕದ್ದಮೆಯಲ್ಲಿ ವಕೀಲರು ವಾದಿಸಬಹುದಿತ್ತು, ಕಟಕಟೆಯಲ್ಲಿದ್ದ ಆರೋಪಿ ಸಾಕ್ಷಿಯಾಗುವಂತಿರಲಿಲ್ಲ. ಆ ಅಧ್ಯಾಯದ ಉಸಿರುಗಟ್ಟುವಿಕೆಯೆಲ್ಲ ಇದರಿಂದಲೇ ಬಂದದ್ದು.

ಮೂರನೆಯದನ್ನು ಓದಿ ನಿಜಕ್ಕೂ ಸಂಕಟವಾಯಿತು. "ಔಷಧಿ ಅಂಗಡಿಯವನು ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡು, ಮಸಿ ಬೆರೆಸಿದ ಪಾಷಾಣವನ್ನು ಮನೆಕೆಲಸದವಳಿಗೆ ಕೊಡುವ ದೃಶ್ಯ ಪುಟ ತುಂಬಿಸುವ ವ್ಯರ್ಥ ವಿವರ" ಎಂದಿದ್ದೀರಿ. ಇಲ್ಲಿ ಪಾಷಾಣ ಎಂದರೆ ಆರ್ಸೆನಿಕ್ ವಿಷ, ಮಸಿ ಎಂದರೆ ಹೊಗೆಯ ಕರಿ. ಆ ಎರಡು ಪುಟಗಳಲ್ಲೇ ಕಾದಂಬರಿಯ ಬೀಗದ ಕೈ ಇದೆ. 1851ರ ಪಾಷಾಣ ಮಾರಾಟ ಕಾಯ್ದೆಯಂತೆ ಅಂಗಡಿಯವನು ಕೊಳ್ಳುವವರ ಹೆಸರು, ವಿಳಾಸ, ಕಸುಬು, ಪ್ರಮಾಣ, ಉದ್ದೇಶವನ್ನು ಬರೆದು ಸಹಿ ಪಡೆಯಬೇಕಿತ್ತು. ಅಪರಿಚಿತರಿಗಾದರೆ ತನಗೆ ಗೊತ್ತಿರುವ ಸಾಕ್ಷಿಯೊಬ್ಬರು ಎದುರಿಗಿರಬೇಕಿತ್ತು. ಒಂದು ಪೌಂಡ್ (ಹದಿನಾರು ಔನ್ಸ್) ಪಾಷಾಣಕ್ಕೆ ಕನಿಷ್ಠ ಒಂದು ಔನ್ಸ್ ಮಸಿ ಇಲ್ಲವೇ ಅರ್ಧ ಔನ್ಸ್ ನೀಲಿ (ಇಂಡಿಗೊ) ಬೆರೆಸಿರಬೇಕಿತ್ತು. ಬಣ್ಣ ಬೆರೆಸಿದರೆ ಕೆಲಸಕ್ಕೆ ಬಾರದು ಎನ್ನುವವರು ಒಮ್ಮೆಗೆ ಹತ್ತು ಪೌಂಡಿಗೆ ಕಡಿಮೆ ಕೊಳ್ಳುವಂತಿರಲಿಲ್ಲ. ಬರಿಯ ಪಾಷಾಣ ಬಿಳಿ ಪುಡಿ, ಸಕ್ಕರೆಯಲ್ಲೋ ಹಿಟ್ಟಿನಲ್ಲೋ ಬೆರೆತರೆ ಕಣ್ಣಿಗೆ ಕಾಣುವುದಿಲ್ಲ. ಮಸಿ ಬೆರೆಸಿದ್ದರೆ ಕಾಣುತ್ತದೆ.

ಆ ಮನೆಕೆಲಸದವಳು ಕೊಂಡದ್ದು ಎರಡು ಔನ್ಸ್. ಅದರಲ್ಲಿ ಔನ್ಸಿನ ಎಂಟನೇ ಒಂದು ಭಾಗ ಮಸಿ ಇರಲೇಬೇಕು. ಹದಿನಾರನೇ ಅಧ್ಯಾಯದಲ್ಲಿ ಸಾರ್ಜೆಂಟ್ ತೆರೆಯುವ ಸಕ್ಕರೆ ಬಟ್ಟಲು ಅಚ್ಚ ಬಿಳಿ. ಹಾಗಾದರೆ ವಿಷ ಆ ಅಂಗಡಿಯದಲ್ಲ. ವೈದ್ಯರ ಚೀಟಿಯಂತೆ ತಯಾರಿಸುವ ಔಷಧದ ಪಾಷಾಣಕ್ಕೆ ಈ ಕಾಯ್ದೆ ಅನ್ವಯಿಸುತ್ತಿರಲಿಲ್ಲ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಲೇಖಕರು ಸುಳಿವನ್ನು ನಿಮ್ಮ ಅಂಗೈಯಲ್ಲೇ ಇಟ್ಟಿದ್ದರು. ನೀವು ಅದನ್ನು ಕಸವೆಂದು ಕೊಡವಿ, ಅದು ಯಾರತ್ತ ಬೆರಳು ಮಾಡುತ್ತಿತ್ತೋ ಅವರನ್ನು ನಾಲ್ಕನೇ ಪ್ಯಾರಾದಲ್ಲಿ ನೇರವಾಗಿ ತೋರಿಸಿಬಿಟ್ಟಿರಿ. ತಕರಾರು ಬೇಕೇ ಬೇಕು ಎಂದಾದರೆ, ಮಸಿಯನ್ನು ತೊಳೆದು ತೆಗೆಯಬಹುದಿತ್ತಲ್ಲವೇ, ಸಾರ್ಜೆಂಟ್ ಆ ಸಾಧ್ಯತೆಯನ್ನು ಯಾಕೆ ಪರೀಕ್ಷಿಸಲಿಲ್ಲ ಎಂದು ಕೇಳಬಹುದಿತ್ತು. ಆ ಪ್ರಶ್ನೆಗೆ ಲೇಖಕರು ಉತ್ತರ ಕೊಡಲೇಬೇಕಾಗುತ್ತದೆ.

ಇನ್ನು ಮುಂದೆ ಓದುವಾಗಲೇ ಪುಟದ ಸಂಖ್ಯೆ, ವಸ್ತು ಅಥವಾ ಪದ್ಧತಿ, ಕಥೆಯ ಇಸವಿ ಇಷ್ಟನ್ನು ಗುರುತು ಹಾಕಿಕೊಳ್ಳಿ. ವಿಚಿತ್ರ ಎನಿಸಿದ್ದನ್ನು ತಪ್ಪು ಎಂದು ಬರೆಯುವ ಮೊದಲು ಅದು ಆ ಇಸವಿಗಿಂತ ಮುಂಚಿನದೋ ಆಮೇಲಿನದೋ ನೋಡಿ. ಪುಸ್ತಕದ ಕೊನೆಯಲ್ಲಿ ಲೇಖಕರ ಟಿಪ್ಪಣಿ ಇದ್ದರೆ ಬಿಡದೆ ಓದಿ. ಲಂಡನ್ನಿನ ವಿಚಾರಣೆಗಳಿಗಾದರೆ ಓಲ್ಡ್ ಬೈಲಿ ನ್ಯಾಯಾಲಯದ 1674ರಿಂದ 1913ರವರೆಗಿನ ವರದಿಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಅಲ್ಲಿ 1850ರ ದಶಕದ ವಿಷಪ್ರಾಶನದ ಎರಡು ಮೂರು ಮೊಕದ್ದಮೆ ಓದಿದರೆ ಸಾಕ್ಷಿ ಹೇಳಲು ಯಾರು ಬರುತ್ತಿದ್ದರು, ಯಾರು ಬರುತ್ತಿರಲಿಲ್ಲ ಎಂಬುದು ತಾನಾಗಿಯೇ ತಿಳಿಯುತ್ತದೆ.

ಅಂಗಡಿಯ ದೃಶ್ಯವನ್ನು ಇನ್ನೊಮ್ಮೆ ಓದಿ, ಆಮೇಲೆ ತಿದ್ದಿ ಕಳಿಸಿ. ಅದನ್ನು ಹೊಗಳಬೇಕೆನಿಸಿದರೂ ಅಂಗಡಿ, ಮಸಿ, ಸಕ್ಕರೆ ಬಟ್ಟಲು ಈ ಮೂರೂ ವಿಮರ್ಶೆಯಲ್ಲಿ ಬರಬಾರದು. "ಸುಳಿವುಗಳೆಲ್ಲ ಓದುಗರ ಕಣ್ಣೆದುರೇ ಇವೆ, ಆ ಕಾಲದ ಕಾನೂನು ಬಲ್ಲವರಿಗೆ ಕೊಂಚ ಮೊದಲೇ ಸಿಗುತ್ತವೆ" ಎಂದಷ್ಟೇ ಬರೆಯಿರಿ.