ಹಳೆಯ ಜೀಪಿನ ಹಿಂದಿನ ಡಿಫರೆನ್ಷಿಯಲ್ ಮನೆಯಲ್ಲೇ ಬದಲಿಸಲು ಯಾವ ಹತ್ಯಾರಗಳು ಬೇಕು?

ಹಳೆಯ ಮಹೀಂದ್ರ ಜೀಪು, ಹಿಂದುಗಡೆ ಗುಂಯ್‌ಗುಡುವ ಸದ್ದು, ಗುಜರಿಯಲ್ಲಿ ಅಗ್ಗಕ್ಕೆ ಸಿಕ್ಕಿದ ಇನ್ನೊಂದು ಡಿಫರೆನ್ಷಿಯಲ್ (ಇಂಜಿನ್ ಬಲವನ್ನು ಎರಡು ಗಾಲಿಗಳಿಗೆ ಹಂಚುವ ಗೇರುಗಳ ಜೋಡಣೆ), ಕೈಯಲ್ಲಿ ಎರಡು ದಿನದ ರಜೆ: ನಿಮ್ಮ ಬಳಿ ಇರುವುದು ಇಷ್ಟು. ಎಂಟು ವರ್ಷದ ಹಿಂದೆ ನಾನೂ ಇಷ್ಟನ್ನೇ ಇಟ್ಟುಕೊಂಡು ಹೊರಟಿದ್ದೆ. ನಾನೂ ಕೇಳಿದ್ದು ಹತ್ಯಾರಗಳ ಪಟ್ಟಿಯನ್ನೇ.

ನಮ್ಮದು ಕೊಪ್ಪದ ಕಡೆ ಅಡಿಕೆ ತೋಟ. ಮನೆಯಿಂದ ಡಾಂಬರು ರಸ್ತೆಗೆ ಎರಡು ಕಿಲೋಮೀಟರ್ ಏರು. ಮಳೆಗಾಲದ ಕೆಸರಿನಲ್ಲಿ ಫೋರ್‌ವೀಲ್ ಹಾಕದೆ, ಅಂದರೆ ನಾಲ್ಕೂ ಗಾಲಿಗೆ ಇಂಜಿನ್ ಬಲ ಕೊಡದೆ, ಹತ್ತುವುದು ಕಷ್ಟ. ಆ ವರ್ಷ ಮಾರ್ಚಿನಲ್ಲಿ ಸದ್ದು ಶುರುವಾಯಿತು. ಆಯಿಲ್ ಇಳಿಸಿ ನೋಡಿದರೆ ಹಾಲು ಬೆರೆಸಿದಂಥ ಬಣ್ಣ, ತಳದಲ್ಲಿ ಕಬ್ಬಿಣದ ಚೂರು. ಓಡಿ ಬಿಸಿಯಾದ ಹೌಸಿಂಗ್ (ಡಿಫರೆನ್ಷಿಯಲ್‌ನ ಹೊರಕವಚ) ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಅದರ ಗಾಳಿಯಾಡುವ ಕಿಂಡಿಯಾದ ಬ್ರೀದರ್‌ಗೆ ಮಣ್ಣು ಕಟ್ಟಿದ್ದರೆ ಸೀಲಿನ ಸಂದಿಯಿಂದ ನೀರನ್ನೇ ಎಳೆದುಕೊಳ್ಳುತ್ತದೆ. ನನ್ನದು ಹಾಳಾದದ್ದು ಹಾಗೆ.

ಗುಜರಿಯಿಂದ ಆಕ್ಸಲ್ ಸಮೇತ ಪೂರ್ತಿ ಹೌಸಿಂಗ್ ತಂದೆ. ಅಡಿಕೆ ಒಣಗಿಸುವ ಅಂಗಳದಲ್ಲಿ ನಾನು, ತಮ್ಮ ಇಬ್ಬರೇ ಸೇರಿ ಒಂದೂವರೆ ದಿನದಲ್ಲಿ ಕೂರಿಸಿದೆವು. ಬೋಲ್ಟಿನ ರಂಧ್ರಗಳೆಲ್ಲ ಸರಿಯಾಗಿ ಕೂತವು, ಸದ್ದು ಹೋಯಿತು. ಟಾಪ್ ಗೇರಿನಲ್ಲಿ ಇಂಜಿನ್ ಮೊದಲಿಗಿಂತ ಶಾಂತವಾಗಿ ಓಡುತ್ತಿತ್ತು. ಏರಿನಲ್ಲಿ ಮಾತ್ರ ಸ್ವಲ್ಪ ಬೇಗ ಗೇರ್ ಇಳಿಸಬೇಕಾಗುತ್ತಿತ್ತು. ಹೊಸ ಭಾಗ ಚೆನ್ನಾಗಿದೆ ಎಂದು ಖುಷಿಪಟ್ಟೆ. ನಿಜವಾಗಿ ಜೀಪು ಆಗಲೇ ಎಚ್ಚರಿಕೆ ಕೊಡುತ್ತಿತ್ತು.

ಜುಲೈ ಕೊನೆಯಲ್ಲಿ ಮಳೆ ನಾಲ್ಕು ದಿನ ಬಿಡುವು ಕೊಟ್ಟು ಹೊಳವಾಯಿತು. ಅಡಿಕೆಯ ಕೊಳೆರೋಗಕ್ಕೆ ಎರಡನೇ ಸಲ ಬೋರ್ಡೋ ದ್ರಾವಣ ಹೊಡೆಯಬೇಕಿತ್ತು. ಪೇಟೆಯಿಂದ ಮೈಲುತುತ್ತ, ಸುಣ್ಣ, ಔಷಧಿ ಹೊಡೆಯುವ ಆಳುಗಳನ್ನು ಹತ್ತಿಸಿಕೊಂಡು ಬಂದೆ. ಇಳಿಜಾರಿನ ಕೆಸರಿಗೆ ಮೊದಲೇ ಫೋರ್‌ವೀಲ್ ಹಾಕಿದೆ. ಕೆಸರಿನಲ್ಲಿ ಏನೂ ಆಗಲಿಲ್ಲ. ಮುಂದೆ ಕಾಂಕ್ರೀಟ್ ಹಾಕಿದ ತುಂಡು ರಸ್ತೆ ಬಂದಾಗ ಯಾರೋ ಹಿಂದಿನಿಂದ ಹಿಡಿದೆಳೆದಂತಾಯಿತು. ಲಿವರ್ ವಾಪಸು ತೆಗೆಯಲು ಹೋದರೆ ಬರಲಿಲ್ಲ. ಬಲವಂತವಾಗಿ ಇನ್ನೂ ಸ್ವಲ್ಪ ಮುಂದೆ ಓಡಿಸಿದೆ. ಬಂದೂಕು ಹೊಡೆದಂಥ ಸದ್ದು, ಅಲ್ಲಿಗೆ ಮುಗಿಯಿತು. ಇಂಜಿನ್ ಬಲವನ್ನು ಮುಂದಿನ, ಹಿಂದಿನ ಶಾಫ್ಟುಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಗೇರು ಹಲ್ಲು ಮುರಿದು ಕೇಸಿಂಗನ್ನೇ ಸೀಳಿತ್ತು.

ನಾನು ಮಾಡಿದ ತಪ್ಪು ಒಂದೇ: ಹಲ್ಲು ಎಣಿಸಲಿಲ್ಲ. ಡಿಫರೆನ್ಷಿಯಲ್ ಒಳಗೆ ಶಾಫ್ಟಿಗೆ ಸೇರಿದ ಸಣ್ಣ ಗೇರು ಪಿನಿಯನ್, ಅದು ತಿರುಗಿಸುವ ದೊಡ್ಡ ಗೇರು ಕ್ರೌನ್ ವೀಲ್. ಮುಂದಿನ ಡಿಫರೆನ್ಷಿಯಲ್‌ನಲ್ಲಿ ಕ್ರೌನ್ ವೀಲ್‌ಗೆ 43, ಪಿನಿಯನ್‌ಗೆ 8 ಹಲ್ಲು. ನಾನು ತಂದದ್ದರಲ್ಲಿ 39, 8. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಲೆಕ್ಕ ಹಾಕಿ ನೋಡಿ: ಗಾಲಿ ಒಂದು ಸುತ್ತು ತಿರುಗಲು ಮುಂದಿನ ಶಾಫ್ಟ್ 5.375 ಸುತ್ತು ತಿರುಗಬೇಕು, ಹಿಂದಿನದು 4.875. ಅಂದರೆ ಗಾಲಿಯ ಒಂದೊಂದು ಸುತ್ತಿಗೂ ಅರ್ಧ ಸುತ್ತಿನ ವ್ಯತ್ಯಾಸ. ಫೋರ್‌ವೀಲ್ ಹಾಕದಿದ್ದಾಗ ಮುಂದಿನ ಶಾಫ್ಟ್ ತನ್ನ ಪಾಡಿಗೆ ತಾನು ತಿರುಗುವುದರಿಂದ ಮೂರು ತಿಂಗಳು ಏನೂ ಗೊತ್ತಾಗಲಿಲ್ಲ. ಲಿವರ್ ಹಾಕಿದ ಕ್ಷಣ ಎರಡೂ ಶಾಫ್ಟುಗಳು ಒಂದಕ್ಕೊಂದು ಬಿಗಿದುಕೊಳ್ಳುತ್ತವೆ, ನಡುವೆ ಸಡಿಲ ಕೊಡುವಂಥದ್ದು ಏನೂ ಇಲ್ಲ. ಹಿಂದಿನ ಗಾಲಿ ನೂರು ಮೀಟರ್ ಹೋಗುವಷ್ಟರಲ್ಲಿ ಮುಂದಿನ ಗಾಲಿ ಒಂಬತ್ತು ಮೀಟರಿಗೂ ಹೆಚ್ಚು ಹಿಂದುಳಿಯುತ್ತದೆ. ಕೆಸರಿನಲ್ಲಿ ಟೈರು ಜಾರಿ ಅದನ್ನು ಸರಿದೂಗಿಸುತ್ತದೆ. ಕಾಂಕ್ರೀಟಿನ ಮೇಲೆ ಜಾರಲಾರದು. ಶಾಫ್ಟು ತಿರುಚಿಕೊಳ್ಳುತ್ತದೆ, ಆಮೇಲೆ ಎಲ್ಲಿ ದುರ್ಬಲವೋ ಅಲ್ಲಿ ಮುರಿಯುತ್ತದೆ.

ಟ್ರಾನ್ಸ್‌ಫರ್ ಕೇಸಿಗೆ ಖರ್ಚಾದದ್ದು ಡಿಫರೆನ್ಷಿಯಲ್‌ಗೆ ಕೊಟ್ಟದ್ದರ ಎರಡೂವರೆ ಪಟ್ಟು. ಅದಕ್ಕಿಂತ ನನಗೆ ಇಂದಿಗೂ ನೋಯುವುದು ತೋಟದ ನಷ್ಟ. ಬೇರೆ ಗಾಡಿ ಹೊಂದಿಸುವಷ್ಟರಲ್ಲಿ ಹೊಳವು ಮುಗಿದು ಮಳೆ ಹಿಡಿಯಿತು. ಕೆಳಗಿನ ತೋಟದಲ್ಲಿ ಹಸಿ ಕಾಯಿ ಉದುರುವುದನ್ನು ನಿಂತು ನೋಡಿದೆವು.

ಆದ್ದರಿಂದ ಹತ್ಯಾರಕ್ಕಿಂತ ಮೊದಲು ನಿಮಗೆ ಬೇಕಾದದ್ದು ಒಂದು ಸೀಮೆಸುಣ್ಣ. ಗುಜರಿಯಲ್ಲಿ ಬಿದ್ದಿರುವ ಆಕ್ಸಲ್‌ನ ಒಂದು ಬ್ರೇಕ್ ಡ್ರಮ್ಮನ್ನು ಅಲುಗದಂತೆ ಹಿಡಿದು, ಇನ್ನೊಂದನ್ನು ಇಪ್ಪತ್ತು ಸುತ್ತು ತಿರುಗಿಸಿ. ಒಂದು ಬದಿ ಮಾತ್ರ ತಿರುಗುವುದರಿಂದ ಕ್ರೌನ್ ಹತ್ತು ಸುತ್ತು ತಿರುಗುತ್ತದೆ. ಪಿನಿಯನ್ ಎಷ್ಟು ಸುತ್ತು ಬಂತು ಎಂದು ಗುರುತು ಹಾಕಿ ಎಣಿಸಿ. 53 ಮುಕ್ಕಾಲು ಬಂದರೆ 43-8, 48 ಮುಕ್ಕಾಲು ಬಂದರೆ 39-8. ಮನೆಗೆ ಬಂದು ಫೋರ್‌ವೀಲ್ ತೆಗೆದು, ಮುಂದಿನ ಎರಡೂ ಗಾಲಿಗಳನ್ನು ಎತ್ತಿ ಹಾಗೆಯೇ ಎಣಿಸಿ. ಎರಡೂ ಲೆಕ್ಕ ಒಂದೇ ಬರದಿದ್ದರೆ ಪುಕ್ಕಟೆ ಕೊಟ್ಟರೂ ತರಬೇಡಿ.

ಕ್ರೌನ್ ಪಿನಿಯನ್ ಮಾತ್ರ ಮನೆಯಲ್ಲಿ ಬದಲಿಸುವ ಯೋಚನೆ ನಿಮಗಿದ್ದರೆ ಅದನ್ನು ನಾನು ಒಪ್ಪುವುದಿಲ್ಲ. ಅವೆರಡೂ ಕಾರ್ಖಾನೆಯಲ್ಲೇ ಜೋಡಿಯಾಗಿ ಉಜ್ಜಿ ಹೊಂದಿಸಿದವು. ಹಲ್ಲುಗಳ ನಡುವಿನ ಸಡಿಲವನ್ನು ಡಯಲ್ ಗೇಜ್ ಇಟ್ಟು ಮಿಲಿಮೀಟರಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ ನೋಡಿ, ಶಿಮ್ (ತೆಳು ಲೋಹದ ಬಿಲ್ಲೆ) ಹಾಕಿ ತೆಗೆದು ಕೂರಿಸಬೇಕು. ಅದು ಪಳಗಿದ ಮೆಕ್ಯಾನಿಕ್‌ನ ಕೆಲಸ. ಅಂಗಳದಲ್ಲಿ ಮಾಡಬಹುದಾದದ್ದು ಪೂರ್ತಿ ಆಕ್ಸಲ್ ಬದಲಿಸುವುದು ಮಾತ್ರ.

ಅದಕ್ಕೆ ಟ್ರಾಲಿ ಜ್ಯಾಕ್, ಎರಡು ಗಟ್ಟಿ ಸ್ಟ್ಯಾಂಡ್, ರಿಂಗ್ ಮತ್ತು ಬಾಕ್ಸ್ ಸ್ಪ್ಯಾನರುಗಳು, ಬಿಗಿ ಬಿಡಿಸಲು ಉದ್ದನೆಯ ಕಬ್ಬಿಣದ ಪೈಪು, ಟಾರ್ಕ್ ರೆಂಚ್ ಸಾಕು. ಸ್ಟ್ಯಾಂಡನ್ನು ಚಾಸಿಗೆ ಕೊಡಿ, ಹೊರಬರುವುದೇ ಆಕ್ಸಲ್. ಜಂಬಿಟ್ಟಿಗೆ ಕಲ್ಲಿನ ಮೇಲೆ ಎಂದಿಗೂ ನಿಲ್ಲಿಸಬೇಡಿ, ಅದು ಒಮ್ಮೆಲೇ ಪುಡಿಯಾಗುತ್ತದೆ. ಇನ್ನೊಂದು ಪ್ರಾಣದ ವಿಷಯ: ನನ್ನ ಜೀಪಿನಂತೆ ನಿಮ್ಮದರಲ್ಲೂ ಹ್ಯಾಂಡ್‌ಬ್ರೇಕ್ ಟ್ರಾನ್ಸ್‌ಫರ್ ಕೇಸಿನ ಹಿಂದೆ ಇದ್ದರೆ, ಫೋರ್‌ವೀಲ್ ತೆಗೆದಿರುವಾಗ ಹಿಂದಿನ ಶಾಫ್ಟ್ ಬಿಚ್ಚಿದ ಮೇಲೆ ಅದು ಯಾವ ಗಾಲಿಯನ್ನೂ ಹಿಡಿಯುವುದಿಲ್ಲ. ಮುಂದಿನ ಗಾಲಿಗಳಿಗೆ ಎರಡೂ ಕಡೆ ಅಡ್ಡಗಟ್ಟೆ ಕೊಟ್ಟೇ ಕೆಳಗೆ ನುಗ್ಗಿ. ಕಮಾನು ಪಟ್ಟಿಯ ಯು ಬೋಲ್ಟುಗಳನ್ನು ಹೊಸದಾಗಿ ಹಾಕಿ, ಕೆಲವು ದಿನ ಓಡಿಸಿ ಮತ್ತೊಮ್ಮೆ ಬಿಗಿ ಮಾಡಿ. ಬ್ರೇಕ್ ಪೈಪು ಬಿಚ್ಚಿದ್ದರಿಂದ ಒಳಗೆ ಸೇರಿದ ಏರ್ ತೆಗೆಯಲೇಬೇಕು. ಆಯಿಲ್ ಇಳಿಸುವ ಮೊದಲು ತುಂಬುವ ಪ್ಲಗ್ ಬಿಚ್ಚುತ್ತದೆಯೇ ನೋಡಿ.

ರಿವರ್ಸಿನಿಂದ ಮುಂದಕ್ಕೆ, ಮುಂದಿನಿಂದ ರಿವರ್ಸಿಗೆ ಬದಲಿಸುವಾಗ ಮಾತ್ರ ಟಕ್ ಎನ್ನುತ್ತಿದ್ದರೆ ಅದು ಶಾಫ್ಟಿನ ತುದಿಯ ಕೀಲಾದ ಯು.ಜೆ. ಕ್ರಾಸ್ ಇರಬಹುದು, ಮೊದಲು ಅದನ್ನು ಅಲುಗಿಸಿ ನೋಡಿ. ನಿಮ್ಮ ಮುಂದಿನ ಆಕ್ಸಲ್‌ನ ಎಣಿಕೆ ಎಷ್ಟು ಬಂತೆಂದು ಇಲ್ಲಿ ಬರೆಯಿರಿ. ಅಲ್ಲಿಯವರೆಗೆ ಗುಜರಿಯವರಿಗೆ ಮುಂಗಡ ಕೊಡಬೇಡಿ.