ಹೆವಿ ಮೆಟಲ್ ಸೌಂಡ್‌ಗೆ ಯಾವ ಗಿಟಾರ್ ಆಂಪ್ ತಗೋಬೇಕು? ಈಗ 10 ವ್ಯಾಟ್‌ನದ್ದಿದೆ, ಗೇನ್ ಫುಲ್, ಮಿಡ್ ಸೊನ್ನೆ ಇಟ್ಟರೂ ದಪ್ಪ ಬರ್ತಿಲ್ಲ. 60 ಸಾವಿರದಲ್ಲಿ ಹಳೇ 100 ವ್ಯಾಟ್ ಟ್ಯೂಬ್ ಆಂಪ್ ತಗೊಳ್ಳಲಾ?

ಗೇನ್ ಫುಲ್, ಮಿಡ್ ಸೊನ್ನೆ. ಇಷ್ಟು ಓದಿದ ಕೂಡಲೇ ನಗು ಬಂತು, ಹೊಟ್ಟೆಯೂ ಉರಿಯಿತು. ಗೇನ್ ಅಂದರೆ ಸದ್ದನ್ನ ಒರಟು ಮಾಡೋ ನಾಬ್, ಮಿಡ್ ಅಂದರೆ ಕೆಳಗಿನ ಬೇಸ್‌ಗೂ ಮೇಲಿನ ಟ್ರೆಬಲ್‌ಗೂ ನಡುವಿನ ಸದ್ದಿನ ನಾಬ್. ಇವೇ ಎರಡು ನಾಬ್‌ಗಳಿಂದ ನಾನು 30,500 ರೂಪಾಯಿ ಕಳೆದುಕೊಂಡಿದ್ದೇನೆ. ನಿಮ್ಮ 60 ಸಾವಿರ ಸ್ವಲ್ಪ ದಿನ ಬ್ಯಾಂಕಲ್ಲೇ ಇರಲಿ.

2011ರ ಅಕ್ಟೋಬರ್ 30ಕ್ಕೆ ಬೆಂಗಳೂರಿನ ಅರಮನೆ ಮೈದಾನಕ್ಕೆ ಅಮೆರಿಕದ ಮೆಟಲ್ ಬ್ಯಾಂಡ್ ಮೆಟಾಲಿಕಾ ಬಂದಿತ್ತು. ನಾನಾಗ ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಎರಡನೇ ವರ್ಷ. ರಾತ್ರಿ ಬಸ್ಸಲ್ಲಿ ಹೋಗಿ, ಕೇಳಿ, ರಾತ್ರಿ ಬಸ್ಸಲ್ಲೇ ವಾಪಸ್ ಬಂದೆ. ಎರಡು ದಿನ ಕಿವಿ ಗುಯ್ ಅನ್ನುತ್ತಿತ್ತು. ಅದಾದ ಮೇಲೆ ಸುಮ್ನೆ ಇರೋಕಾಗುತ್ತಾ? ಚರ್ಚ್ ಬ್ಯಾಂಡಲ್ಲಿ ನುಡಿಸುತ್ತಿದ್ದ ಒಬ್ಬರ ಹತ್ತಿರ ಹಳೇ ಪೀವಿ ಬ್ಯಾಂಡಿಟ್ ಇತ್ತು. ಟ್ರಾನ್ಸಿಸ್ಟರ್ ಆಂಪ್, ಅಂದರೆ ಟ್ಯೂಬ್ (ಹಳೇ ರೇಡಿಯೊದಲ್ಲಿದ್ದಂಥ ಗಾಜಿನ ವಾಲ್ವ್) ಇಲ್ಲದ್ದು, 12 ಇಂಚಿನ ಒಂದು ಸ್ಪೀಕರ್. 11 ಸಾವಿರಕ್ಕೆ ಕೊಟ್ಟರು. ಶಿವಮೊಗ್ಗದ ಟ್ರೇನಲ್ಲಿ ಬಾಗಿಲ ಪಕ್ಕ ಇಟ್ಟು ಅದರ ಮೇಲೇ ಕೂತು ಬಂದೆ. ಬೀರೂರಲ್ಲಿ ಹತ್ತಿದ ಅಜ್ಜ ಒಬ್ಬರು ಇದೆಂತ ಪೆಟ್ಟಿಗೆ ಅಂತ ಕೇಳಿ, ಉತ್ತರ ಹೇಳಿದ ಮೇಲೆ ಪಾಪ ಅನ್ನೋ ಹಾಗೆ ನೋಡಿದರು.

ನನ್ನ ರೂಮ್ ವಿನೋಬನಗರದಲ್ಲಿ, ಮಹಡಿ ಮೇಲೆ. ವಾಲ್ಯೂಮ್ ಒಂದು ದಾಟಿದರೆ ಓನರ್ ಆಂಟಿ ಕೆಳಗಿಂದ ಪೊರಕೆ ಹಿಡಿಯಿಂದ ಸೀಲಿಂಗಿಗೆ ಕುಟ್ಟುತ್ತಿದ್ದರು. ಹಾಗಾಗಿ ವಾಲ್ಯೂಮ್ ಒಂದರಲ್ಲೇ ಕೂತು ನನ್ನ 'ಟೋನ್' ಕಂಡುಹಿಡಿದೆ. ಗೇನ್ 10, ಬೇಸ್ 9, ಟ್ರೆಬಲ್ 8, ಮಿಡ್ ಸೊನ್ನೆ. ಅಬ್ಬಾ, ಕಿವಿಗೆ ಹಬ್ಬ! ಒಬ್ಬನೇ ಕೂತು ಜುಗ್ ಜುಗ್ ಅಂತ ಬಾರಿಸಿದರೆ ಸಾಕ್ಷಾತ್ ರೆಕಾರ್ಡಿನ ಸದ್ದು.

ಕಾಲೇಜ್ ಫೆಸ್ಟಿಗೆ ಅದೇ ಸೆಟ್ಟಿಂಗಲ್ಲಿ ಸ್ಟೇಜ್ ಹತ್ತಿದೆ. ವಾಲ್ಯೂಮ್ 6. ಡ್ರಮ್ ಶುರುವಾಯ್ತು, ಬೇಸ್ ಗಿಟಾರ್ ಶುರುವಾಯ್ತು, ನನ್ನ ಗಿಟಾರ್ ಮಾಯ. ವಾಲ್ಯೂಮ್ 8ಕ್ಕೆ ಏರಿಸಿದೆ. ಜುಯ್ ಅನ್ನೋ ಸದ್ದು ಜಾಸ್ತಿ ಆಯ್ತೇ ಹೊರತು ನುಡಿಸಿದ್ದು ಕೇಳಲಿಲ್ಲ. ಕೆಳಗಿಳಿದ ಮೇಲೆ ಗೆಳೆಯ ಕೇಳಿದ: 'ನೀನು ನುಡಿಸ್ತಿದ್ಯೋ, ಸುಮ್ನೆ ಕೈ ಆಡಿಸ್ತಿದ್ಯೋ?'

ನಾನು ತಪ್ಪು ಹೊರಿಸಿದ್ದು ಯಾರ ಮೇಲೆ? ಆಂಪ್ ಮೇಲೆ. ಟ್ರಾನ್ಸಿಸ್ಟರ್ ಅಲ್ವಾ, ಅದಕ್ಕೇ ದಮ್ಮಿಲ್ಲ ಅಂದುಕೊಂಡೆ. ಬ್ಯಾಂಡಿಟ್‌ನ ಸಾಗರದ ಹುಡುಗನೊಬ್ಬನಿಗೆ ಏಳೂವರೆ ಸಾವಿರಕ್ಕೆ ಮಾರಿಬಿಟ್ಟೆ. ಆ ವರ್ಷ ಮಂಡಿಯಲ್ಲಿ ಅಡಿಕೆಗೆ ಒಳ್ಳೇ ರೇಟು ಸಿಕ್ಕಿತ್ತು. ಅಪ್ಪನನ್ನ ಹೇಗೋ ಒಪ್ಪಿಸಿ 68 ಸಾವಿರಕ್ಕೆ ಒಂದು ಹಳೇ 100 ವ್ಯಾಟ್ ಟ್ಯೂಬ್ ಹೆಡ್ (ಸ್ಪೀಕರಿಲ್ಲದ ಬರೀ ಆಂಪ್), ನಾಲ್ಕು ಸ್ಪೀಕರಿನ ಕ್ಯಾಬಿನೆಟ್ ತಂದೆ. ನಿಮ್ಮ ಕಣ್ಣು ಬಿದ್ದಿರೋದೂ ಇಂಥದ್ದರ ಮೇಲೇ.

ಅಡಿಕೆ ಮೂಟೆ ಇಳಿಸಿ ವಾಪಸ್ ಬರುತ್ತಿದ್ದ ಪಿಕಪ್‌ನಲ್ಲಿ ಹಾಕಿ, ರಜೆಗೆ ಅಂತ ಊರಿಗೆ ತಂದೆ. ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ. ಕ್ಯಾಬಿನೆಟ್ ಇಳಿಸೋಕೆ ತೋಟದ ಕೆಲಸದ ಇಬ್ಬರು ಬೇಕಾಯಿತು. ವಾಲ್ಯೂಮ್ ಒಂದಕ್ಕೆ ಇಟ್ಟು ಒಂದು ಕಾರ್ಡ್ ಬಾರಿಸಿದೆ. ಅಡುಗೆಮನೆಯ ಸ್ಟ್ಯಾಂಡಲ್ಲಿದ್ದ ತಟ್ಟೆಗಳು ಝಲ್ ಅಂದವು. ಕೊಟ್ಟಿಗೆಯಲ್ಲಿ ದನ ಎದ್ದು ನಿಂತಿತು. ಅಮ್ಮ ಏನೂ ಹೇಳಲಿಲ್ಲ, ಬಂದು ಸ್ವಿಚ್ ಆಫ್ ಮಾಡಿ ಹೋದರು. ಸಂಜೆ ಸುತ್ತಲ ಪಂಪ್‌ಸೆಟ್ಟೆಲ್ಲ ಶುರುವಾದರೆ ವೋಲ್ಟೇಜ್ ಇಳಿದು ಆಂಪ್ ಸೊರಗುತ್ತಿತ್ತು. ಜೂನ್ ಬಂದ ಮೇಲೆ ಕೇಳೋದೇ ಬೇಡ, ಲೈನ್ ಮೇಲೆ ಮರ ಬಿದ್ದರೆ ಎರಡು ದಿನ ಕರೆಂಟಿಲ್ಲ. ಆಗಸ್ಟಿನ ಹೊತ್ತಿಗೆ ಕ್ಯಾಬಿನೆಟ್ಟಿನ ಹಿಂಭಾಗಕ್ಕೆ ಹಸಿರು ಬೂಷ್ಟು.

ಈಗ ಮುಖ್ಯ ವಿಷಯ. ಮರು ವರ್ಷದ ಗಣಪತಿ ಹಬ್ಬ. ಒಂದು ಪೆಂಡಾಲಲ್ಲಿ ಆರ್ಕೆಸ್ಟ್ರಾದ ನಡುವೆ ನಮಗೆ ಅರ್ಧ ಗಂಟೆ ಕೊಟ್ಟಿದ್ದರು. ಮೈಕ್‌ಸೆಟ್ ಅಣ್ಣ ನಮ್ಮ ಕಡೆಯವರೇ, ಮಳೆಗಾಲ ಮುಗಿದರೆ ಯಕ್ಷಗಾನದ ಆಟಗಳಿಗೆ ಸೌಂಡ್ ಹಾಕುವವರು. ಡಿಸ್ಟಾರ್ಷನ್, ಅಂದರೆ ಮೆಟಲ್ ಗಿಟಾರಿನ ಆ ಒರಟು ಸದ್ದು, ಅವರ ಲೆಕ್ಕದಲ್ಲಿ ಸ್ಪೀಕರ್ ಹರಿದಿದೆ ಅಂತ. ಸಂಜೆ ಟೆಸ್ಟಿಂಗ್ ಮಾಡುವಾಗ ಮತ್ತೆ ಅದೇ ಕಥೆ. 68 ಸಾವಿರದ ಆಂಪಿದ್ದೂ ಗಿಟಾರ್ ಇಲ್ಲ. ಅವರು ಹತ್ತಿರ ಬಂದು ಬಗ್ಗಿ ನೋಡಿದರು.

'ಎಂತ ಮಾರಾಯ, ಪೆಟ್ಟಿಗೆ ಇಷ್ಟು ದೊಡ್ಡದಿದೆ, ಸ್ವರವೇ ಇಲ್ವಲ್ಲ. ಈ ಮಿಡ್ ಯಾರು ಸೊನ್ನೆಗೆ ಇಟ್ಟಿದ್ದು?'

'ನಾನೇ ಅಣ್ಣ. ಮೆಟಲ್‌ಗೆ ಹಾಗೇ ಇಡೋದು.'

'ಭಾಗವತರನ್ನ ಮನೆಗೆ ಕಳಿಸಿ ಆಟ ಆಡಿಸ್ತಿದ್ದೀಯಲ್ಲೋ!'

ಆಟ ನೋಡಿದವರಿಗೆ ಇದು ತಟ್ಟನೆ ಹೊಳೆಯುತ್ತೆ. ಚಂಡೆ ಮೇಲಿನ ಚುರುಕು ಸದ್ದು. ಮದ್ದಳೆಯದ್ದು ಕೆಳಗಿನ ತುಂಬು ನಾದ. ನಡುವೆ ಭಾಗವತರ ಪದ. ಆ ನಡುವಿನ ಜಾಗವೇ ಮಿಡ್. ಬ್ಯಾಂಡಲ್ಲೂ ಹಾಗೇ: ಕೆಳಗಡೆ ಬೇಸ್ ಗಿಟಾರ್, ಕಿಕ್ ಡ್ರಮ್. ಮೇಲೆ ಸಿಂಬಲ್. ಗಿಟಾರಿನ ಜೀವ ಇರೋದು ಸುಮಾರು 500ರಿಂದ 2,000 ಹರ್ಟ್ಜ್ ನಡುವೆ. ನಾನು ಅದನ್ನೇ ತೆಗೆದು, ಬೇಸ್ ಏರಿಸಿ ಬೇಸ್ ಗಿಟಾರಿನವನ ಜೊತೆ ಜಗಳಕ್ಕೆ ನಿಂತೆ, ಟ್ರೆಬಲ್ ಏರಿಸಿ ಸಿಂಬಲ್ ಜೊತೆ. ಎರಡೂ ಕಡೆ ಸೋತೆ.

ಹಾಗಾದರೆ ರೂಮಲ್ಲಿ ಯಾಕೆ ಚೆನ್ನಾಗಿತ್ತು? ಇದನ್ನ ಸ್ವಲ್ಪ ಉದ್ದವಾಗೇ ಹೇಳುತ್ತೇನೆ, ಬೈಕೋಬೇಡಿ. ಸದ್ದು ಸಣ್ಣದಿದ್ದಾಗ ನಮ್ಮ ಕಿವಿಗೆ ಬೇಸ್ ಸರಿಯಾಗಿ ಕೇಳುವುದಿಲ್ಲ, ತೀರಾ ಮೇಲಿನ ಸದ್ದೂ ಕಡಿಮೆಯೇ. ಅದಕ್ಕೇ ಎರಡನ್ನೂ ಏರಿಸುತ್ತೇವೆ, ಹಿತವಾಗಿರುತ್ತೆ. ವಾಲ್ಯೂಮ್ ಏರಿದಂತೆ ಬೇಸ್ ತಾನಾಗೇ ಕೇಳೋಕೆ ಶುರುವಾಗುತ್ತೆ. ಜೊತೆಗೆ ನಾವು ಏರಿಸಿಟ್ಟದ್ದೂ ಸೇರಿ ಎಲ್ಲ ಗುಡುಗುಡು. ಇನ್ನೊಂದು, ರೂಮಲ್ಲಿ ನಾನೊಬ್ಬನೇ. ಜಾಗಕ್ಕೆ ಪೈಪೋಟಿ ಮಾಡೋಕೆ ಬೇರೆ ಯಾರೂ ಇಲ್ಲ. ಅದೂ ಸಾಲದು ಅಂತ, ಎಷ್ಟೋ ಆಂಪ್‌ಗಳ ಟೋನ್ ಸರ್ಕ್ಯೂಟೇ ಮಿಡ್‌ನ ಮೊದಲೇ ಸ್ವಲ್ಪ ತಗ್ಗಿಸಿರುತ್ತೆ. ನಾಬ್ 5ರಲ್ಲಿದ್ದರೂ ಸದ್ದಲ್ಲಿ ಆಗಲೇ ಗುಂಡಿ ಬಿದ್ದಿರುತ್ತೆ. ಅದನ್ನ ಸೊನ್ನೆಗೆ ಇಟ್ಟರೆ ಉಳಿಯೋದೇನು?

ಮೈಕ್‌ಸೆಟ್ ಅಣ್ಣ ಬೇಸ್ 4ಕ್ಕೆ ಇಳಿಸಿ, ಮಿಡ್ 7ಕ್ಕೆ ಏರಿಸಿ, ಗೇನ್ 5ಕ್ಕೆ ತಂದರು. ಒಬ್ಬನೇ ನುಡಿಸಿ ನೋಡಿದೆ. ಅಸಹ್ಯ. ಮೂಗಲ್ಲಿ ಮಾತಾಡಿದ ಹಾಗಿತ್ತು. ನಾನು ಮತ್ತೆ ನಾಬ್‌ಗೆ ಕೈ ಹಾಕೋದು ನೋಡಿ, ಜೇಬಿಂದ ಕೆಂಪು ಇನ್ಸುಲೇಷನ್ ಟೇಪ್ ತೆಗೆದು ಮಿಡ್ ನಾಬ್ ಮೇಲೆ ಅಡ್ಡಲಾಗಿ ಅಂಟಿಸಿಬಿಟ್ಟರು. 'ಆಟ ಮುಗಿಯೋವರೆಗೆ ಮುಟ್ಟಬೇಡ.' ಡ್ರಮ್, ಬೇಸ್ ಸೇರಿದ ಮೇಲೆ ಅದೇ ಅಸಹ್ಯ ಸದ್ದು ಮುಂದೆ ಬಂದು ನಿಂತಿತು. ಒಂದೊಂದು ಪೆಟ್ಟೂ ಬೇರೆ ಬೇರೆ ಕೇಳಿತು. ದಪ್ಪ ಅಂತ ನಾನು ಎರಡು ವರ್ಷ ಹುಡುಕಿದ್ದು ಬೇಸ್ ಗಿಟಾರಿನವನ ಹತ್ತಿರ ಇತ್ತು. ರೆಕಾರ್ಡಲ್ಲಿ ನೀವು ಗಿಟಾರಿನ ದಪ್ಪ ಅಂದುಕೊಂಡಿರೋದರಲ್ಲಿ ಬಹುಪಾಲು ಬೇಸ್ ಗಿಟಾರಿನದ್ದೇ. ಅನುಮಾನ ಇದ್ದರೆ ಮೆಟಾಲಿಕಾದ 1988ರ '...ಆಂಡ್ ಜಸ್ಟಿಸ್ ಫಾರ್ ಆಲ್' ಆಲ್ಬಮ್ ಕೇಳಿ. ಅದರಲ್ಲಿ ಬೇಸ್ ಗಿಟಾರ್ ಕೇಳಿಸೋದೇ ಇಲ್ಲ ಅನ್ನುವಷ್ಟು ಕಡಿಮೆ, ಗಿಟಾರ್ ಒಣಗಿದ ಕಟ್ಟಿಗೆ ಹಾಗಿದೆ. ಅದೂ ಅಲ್ಲದೆ ಇಂಥ ರೆಕಾರ್ಡುಗಳಲ್ಲಿ ಒಂದೇ ರಿಫ್‌ನ (ಮತ್ತೆ ಮತ್ತೆ ಬರೋ ಗಿಟಾರ್ ತುಣುಕು) ಎರಡು ಮೂರು ಸಲ ನುಡಿಸಿ ಎಡಕ್ಕೊಂದು ಬಲಕ್ಕೊಂದು ಇಟ್ಟಿರುತ್ತಾರೆ. ಅದನ್ನ ಒಂದು ಗಿಟಾರಲ್ಲಿ ತರೋಕೆ ಹೋಗಿ ನಾವು ಗೇನ್ ಏರಿಸುತ್ತೇವೆ. ಗೇನ್ ಜಾಸ್ತಿ ಆದಷ್ಟೂ ಪಾಮ್ ಮ್ಯೂಟಿನ (ಅಂಗೈಯಿಂದ ತಂತಿ ಒತ್ತಿ ಹಿಡಿದು ಬಾರಿಸೋದು) ಏಟು ಮೊಂಡಾಗುತ್ತೆ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಟ್ಯೂಬ್ ಆಂಪ್ ಬೇಡ. ಮೆಟಲ್‌ಗೆ ಟ್ಯೂಬೇ ಆಗಬೇಕು ಅನ್ನೋದು ಸುಳ್ಳು. ಪ್ಯಾಂಟೆರಾ ಬ್ಯಾಂಡಿನ ಗಿಟಾರಿಸ್ಟ್ ಡೈಮ್‌ಬ್ಯಾಗ್ ಡ್ಯಾರೆಲ್ 1990ರ ದಶಕದ ಆ ಗರಗಸದಂಥ ಸದ್ದು ತೆಗೆದದ್ದು ರ್‍ಯಾಂಡಲ್ ಟ್ರಾನ್ಸಿಸ್ಟರ್ ಆಂಪಲ್ಲಿ. 100 ವ್ಯಾಟ್ ಮೋಹವೂ ಬೇಡ. ಸ್ಪೀಕರ್ ಅದೇ ಆದರೆ 10 ವ್ಯಾಟಿಗಿಂತ 100 ವ್ಯಾಟ್ ಕಿವಿಗೆ ಸುಮಾರು ಎರಡು ಪಟ್ಟು ಜೋರು ಅಷ್ಟೇ, ಹತ್ತು ಪಟ್ಟಲ್ಲ. 50ಕ್ಕೂ 100ಕ್ಕೂ ಇರೋ ವ್ಯತ್ಯಾಸ 3 ಡೆಸಿಬಲ್. ಇಷ್ಟಾದರೂ ಹಠ ಹಿಡಿದು ಟ್ಯೂಬೇ ತಂದರೆ, ಸ್ಪೀಕರ್ ಜೋಡಿಸದೆ ಯಾವತ್ತೂ ಆನ್ ಮಾಡಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟು ಹೋಗಬಹುದು. ಅಮೆರಿಕದಿಂದ ಬಂದ ಮಾಲಾದರೆ ಹಿಂದೆ 120 ವೋಲ್ಟ್ ಅಂತ ಬರೆದಿದೆಯಾ ನೋಡಿ. ನಮ್ಮದು 230.

ನಿಮ್ಮ ದೂರಲ್ಲಿ ಒಂದು ಮಾತು ಮಾತ್ರ ನಿಜ. 10 ವ್ಯಾಟ್ ಆಂಪಿನ ಸಣ್ಣ ಸ್ಪೀಕರಿಗೆ ಕೆಳಗಿನ ಇ ತಂತಿಯ 82 ಹರ್ಟ್ಜ್ ಸರಿಯಾಗಿ ಹೊರಡಿಸೋಕಾಗಲ್ಲ. ಅದಕ್ಕೆ 12 ಇಂಚಿನ ಸ್ಪೀಕರ್ ಬೇಕು, ಪೆಟ್ಟಿಗೆಯೂ ಸ್ವಲ್ಪ ದೊಡ್ಡದಿರಬೇಕು. ನಾನಾದರೆ ಬಾಸ್ ಕಂಪನಿಯ ಕಟಾನಾ 50 ತಗೊಳ್ಳುತ್ತೇನೆ, ತಗೊಂಡಿದ್ದೇನೆ ಕೂಡ. ಅರ್ಧ ವ್ಯಾಟಿಗೆ ಇಳಿಸೋ ಸ್ವಿಚ್ಚಿದೆ, ಮನೆಯವರ ಜೊತೆ ಜಗಳ ಇಲ್ಲ. ಉಳಿದ ದುಡ್ಡಲ್ಲಿ ಟ್ಯೂಬ್ ಸ್ಕ್ರೀಮರ್ ಥರದ ಒಂದು ಪೆಡಲ್ (ಕಾಲಲ್ಲಿ ಒತ್ತಿ ಸದ್ದು ಬದಲಿಸೋ ಸಣ್ಣ ಡಬ್ಬಿ) ತಗೊಂಡು ಆಂಪಿನ ಮುಂದೆ ಹಾಕಿ. ಅದರ ಡ್ರೈವ್ (ಪೆಡಲ್ಲಿನ ಗೇನ್) ಸೊನ್ನೆ ಹತ್ತಿರ, ಲೆವೆಲ್ ಜಾಸ್ತಿ. ಅದು ಡಿಸ್ಟಾರ್ಷನ್‌ಗೆ ಮುಂಚೆಯೇ ಕೆಳಗಿನ ಗೊಜಗೊಜ ಕತ್ತರಿಸುತ್ತೆ, ರಿಫ್ ಬಿಗಿಯಾಗುತ್ತೆ. ಆಂಪ್‌ನ ನೆಲದ ಮೇಲಿಟ್ಟು ಮೊಣಕಾಲಿಗೆ ಕೇಳಿಸಬೇಡಿ, ಕುರ್ಚಿ ಮೇಲಿಟ್ಟು ಎದುರು ನಿಂತು ಕೇಳಿ. ನೀವಂದುಕೊಂಡಿದ್ದಕ್ಕಿಂತ ಟ್ರೆಬಲ್ ಎಷ್ಟು ಚುಚ್ಚುತ್ತೆ ಅಂತ ಗೊತ್ತಾಗುತ್ತೆ. ಮಳೆಗಾಲದಲ್ಲಿ ದಿನಾ ಅರ್ಧ ಗಂಟೆ ಆನ್ ಮಾಡಿಡಿ, ಒಳಗೆ ಬೆಚ್ಚಗಿದ್ದರೆ ತೇವ ಕೂರಲ್ಲ.

ಆದರೆ ಇದೆಲ್ಲ ಕೊಳ್ಳೋಕೆ ಮುಂಚೆ ಈಗಿರೋ ಆಂಪಲ್ಲೇ ಮಿಡ್ 7, ಗೇನ್ 5 ಇಟ್ಟು, ಯಾವುದಾದರೂ ಡ್ರಮ್ ಟ್ರ್ಯಾಕ್ ಹಾಕಿಕೊಂಡು ಒಂದು ವಾರ ನುಡಿಸಿ. ಒಬ್ಬರೇ ನುಡಿಸಿ ತೀರ್ಮಾನ ಮಾಡಬೇಡಿ.

ಬ್ಯಾಂಡಿಟ್ ವಾಪಸ್ ಕೊಡು ಅಂತ ಸಾಗರದ ಹುಡುಗನನ್ನ ಎರಡು ಸಲ ಕೇಳಿದೆ, ಕೊಡಲಿಲ್ಲ. ಟ್ಯೂಬ್ ಹೆಡ್, ಕ್ಯಾಬಿನೆಟ್ ಎರಡೂ ಸೇರಿ ಕೊನೆಗೆ 41 ಸಾವಿರಕ್ಕೆ ಹೋಯಿತು. ತಗೊಳ್ಳೋಕೆ ಬಂದ ಹುಡುಗ ಕಪ್ಪು ಟೀ ಶರ್ಟ್, ಉದ್ದ ಕೂದಲು, ಹತ್ತೊಂಬತ್ತು ಇಪ್ಪತ್ತರ ವಯಸ್ಸು. ಮಿಡ್ ನಾಬ್ ಮೇಲಿನ ಕೆಂಪು ಟೇಪ್ ಆಗಲೂ ಹಾಗೇ ಇತ್ತು. ಅವನು ಮೊದಲು ಮಾಡಿದ್ದೇ ಅದನ್ನ ಉಗುರಲ್ಲಿ ಕಿತ್ತು, ನಾಬ್‌ನ ಸೊನ್ನೆಗೆ ತಿರುಗಿಸಿದ್ದು. ನಾನು ದುಡ್ಡು ಎಣಿಸುತ್ತಿದ್ದೆ, ಏನೂ ಹೇಳಲಿಲ್ಲ.